ಏಳು ಗಂಟೆಯ ಐದು ಪ್ರಶ್ನೆಗಳು

ಬಿಳಿ ಕೋಟಿನ ಕಾಲರಿಗೆ ಸೋಪು ಹಚ್ಚಿ ಉಜ್ಜುತ್ತಿದ್ದೆ. ರಾತ್ರಿ ಪಾಳಿ ಮುಗಿಸಿ ಬಂದ ಮಗಳು ಬೂಟು ಕೂಡ ಬಿಚ್ಚದೆ ಬಚ್ಚಲ ಬಾಗಿಲಲ್ಲಿ ನಿಂತಳು.

"ಅದನ್ನ ತೊಳೀಬೇಡ ಬಿಡಮ್ಮ. ಇನ್ನು ಬೇಕಾಗಲ್ಲ."

ನಲ್ಲಿ ನಿಲ್ಲಿಸಿದೆ. ಅವಳು ಫೋನನ್ನು ಬಟ್ಟೆ ಒಗೆಯುವ ಯಂತ್ರದ ಮೇಲಿಟ್ಟು, ಬಾಗಿಲಿಗೆ ಒರಗಿ, ತುಂಡು ತುಂಡಾಗಿ ಹೇಳಿದಳು. ಬೆಳಗಿನ ಜಾವ ನಾಲ್ಕಕ್ಕೆ ಆಸ್ಪತ್ರೆಗೆ, ಯಾವುದೋ ಮಾತ್ರೆ ನುಂಗಿ ಮೈಯೆಲ್ಲ ದದ್ದೆದ್ದು ಉಸಿರುಗಟ್ಟುತ್ತಿದ್ದ ಹೆಂಗಸೊಬ್ಬಳನ್ನು ತಂದರಂತೆ. ಮೊದಲು ಯಾವ ಇಂಜೆಕ್ಷನ್, ಎಷ್ಟು, ಎಲ್ಲಿಗೆ, ಒಂದೂ ಇವಳ ತಲೆಗೆ ಬರಲಿಲ್ಲವಂತೆ. ಪಕ್ಕದ ನರ್ಸು ಇವಳ ಬಾಯಿ ನೋಡುತ್ತ ಕೂರದೆ ಅಡ್ರಿನಲಿನ್ ತೆಗೆದು ತೊಡೆಗೆ ಚುಚ್ಚಿದರಂತೆ. ಹೆಂಗಸು ಬದುಕಿದಳು. ಆಮೇಲೆ ಹಿರಿಯ ಡಾಕ್ಟರು ಎಲ್ಲರೆದುರು, ಇದು ಮೆಟ್ಟಿಲು ಗುಡಿಸುವವರಿಗೂ ಗೊತ್ತಲ್ಲಮ್ಮ ಎಂದರಂತೆ.

ತರಬೇತಿ ಬಿಡುವ ಪತ್ರವನ್ನು ಬಸ್ಸಿನಲ್ಲೇ ಬರೆದು ಜೇಬಿನಲ್ಲಿಟ್ಟಿದ್ದಳು. ಹತ್ತು ಗಂಟೆಗೆ ಕಚೇರಿ ತೆರೆದೊಡನೆ ಕೊಟ್ಟುಬರುತ್ತಾಳಂತೆ.

"ದಿನಾ ಓದ್ತೀನಲ್ಲಮ್ಮ. ತೂತು ಕೊಡದಲ್ಲಿ ನೀರು ಹೊತ್ತ ಹಾಗೆ. ನನ್ನ ಕೈಗೆ ಯಾರ ಜೀವಾನೂ ಕೊಡಬಾರದು."

ಅಷ್ಟು ಹೇಳುವಾಗ ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಓದಿನ ಕ್ರಮವನ್ನು ಅವಳೇ ನನಗೆ ಹಿಂದೊಮ್ಮೆ ಕಲಿಸಿದ್ದಳು. ಆಸ್ಪತ್ರೆಯವರು ಕಲಿಯುವ ಡಾಕ್ಟರುಗಳ ಫೋನಿಗೆ ಬೆಳಿಗ್ಗೆ ಏಳಕ್ಕೆ ಐದು ಪ್ರಶ್ನೆ ಕಳಿಸುತ್ತಾರೆ. ಕೆಳಗೆ ಎರಡು ಗುಂಡಿ: ಗೊತ್ತು, ಗೊತ್ತಿಲ್ಲ. ಗೊತ್ತಿಲ್ಲ ಅಂದರೆ ಅದೇ ಪ್ರಶ್ನೆ ನಾಳೆಯೇ ಬರುತ್ತದೆ. ಗೊತ್ತು ಅಂದರೆ ಮೂರು ದಿನ ಬಿಟ್ಟು, ಆಮೇಲೆ ಹದಿನೈದು ದಿನ, ಆಮೇಲೆ ಎರಡು ತಿಂಗಳು. ಗಿಡಕ್ಕೆ ನೀರು ಹಾಕಿದ ಹಾಗಮ್ಮ, ಒಣಗೋ ಮುಂಚೆ ಮತ್ತೆ ಹಾಕಬೇಕು, ಒಂದೇ ದಿನ ಕೊಡಗಟ್ಟಲೆ ಸುರಿದರೆ ಬೇರಿಗೆ ಹತ್ತಲ್ಲ ಎಂದಿದ್ದಳು. ಒಂದು ಗಂಟೆಯೊಳಗೆ ಉತ್ತರ ಒತ್ತದಿದ್ದರೆ ಹೆಸರಿನ ಮುಂದೆ ಕೆಂಪು ಗುರುತು. ಅದು ಹಿರಿಯ ಡಾಕ್ಟರಿಗೆ ಹೋಗುತ್ತದೆ.

ರಾತ್ರಿ ಪಾಳಿ ಶುರುವಾಗಿ ಎರಡು ತಿಂಗಳು. ಆರೂವರೆಗೆ ಬಂದವಳು ಊಟವನ್ನೂ ಕೇಳದೆ ಹಾಸಿಗೆಗೆ ಬೀಳುತ್ತಿದ್ದಳು. ಏಳಕ್ಕೆ ಫೋನು ಕೂಗುತ್ತಿತ್ತು. ಮೊದಲ ದಿನ ನಾನು ಹೋದದ್ದು ಅದರ ಬಾಯಿ ಮುಚ್ಚಿಸಲು. ತೆರೆಯ ಮೇಲೇ ಪ್ರಶ್ನೆ ಇತ್ತು, ಗುಂಡಿ ಇತ್ತು. ಹೆತ್ತವಳಿಗೆ ಹೆಗ್ಗಣವೂ ಮುದ್ದು. ಇಷ್ಟು ವರ್ಷ ಓದಿದ ನನ್ನ ಮಗಳಿಗೆ ಗೊತ್ತಿರದೆ ಏನು ಅಂದುಕೊಂಡೆ. ಐದು ಸಲ 'ಗೊತ್ತು' ಒತ್ತಿ, ಬಾಗಿಲು ಎಳೆದುಕೊಂಡು ಬಂದೆ. ಅವಳು ಮಧ್ಯಾಹ್ನದವರೆಗೆ ಮಗುವಿನ ಹಾಗೆ ಮಲಗಿದ್ದಳು. ಮರುದಿನವೂ ಒತ್ತಿದೆ. ಆಮೇಲೆ ಅದು ಪಾತ್ರೆ ತೊಳೆದಷ್ಟೇ ನಿತ್ಯದ ಕೆಲಸವಾಯಿತು.

ಒಮ್ಮೆ ಅವಳೇ ಫೋನು ನೋಡಿ, ದಿನಾ ನಿದ್ದೆಗಣ್ಣಲ್ಲೇ ಓದಿ ಒತ್ತಿದೀನಿ ನೋಡು, ನಾನೆಂಥ ಜಾಣೆ ಎಂದು ನಕ್ಕಳು. ನಾನು ದಿಂಬಿಗೆ ಕವರು ಹಾಕುತ್ತಿದ್ದೆ. ಅದನ್ನು ತಟ್ಟಿ ಇಟ್ಟು ಹೊರಗೆ ಬಂದೆ.

ಈಗಲಾದರೂ ಹೇಳಬೇಕಿತ್ತು. ತೂತು ನಿನ್ನ ಕೊಡದ್ದಲ್ಲ ಕಂದ, ಎರಡು ತಿಂಗಳಿಂದ ನೀರು ಹಾಕಲು ಬಿಡದವಳು ನಾನು ಎನ್ನಬೇಕಿತ್ತು. ಆದರೆ ಹಾಗೆಂದರೆ ಆ ಹೆಂಗಸಿನ ಉಸಿರಿನ ಹೊಣೆ ನನ್ನ ಹೆಬ್ಬೆರಳಿಗೆ ಬರುತ್ತಿತ್ತು. ಇನ್ನು ಮೇಲೆ ಮಗಳು ನನ್ನ ಮುಂದೆ ಫೋನು ಇಡುತ್ತಾಳೋ ಇಲ್ಲವೋ. ಮುಖ ತೊಳೆದುಕೋ, ಒಂದಿಷ್ಟು ಮಲಗು ಎಂದೆ. ಅವಳು ತಲೆಯಾಡಿಸಿ ಜೇಬಿನ ಪತ್ರ ಮುಟ್ಟಿ ನೋಡಿಕೊಂಡಳು.

ಆಗ ಏಳು ಹೊಡೆಯಿತು. ಯಂತ್ರದ ಮೇಲೆ ಫೋನು ಕೂಗಿತು.

ನನ್ನ ಕೈ ನನ್ನನ್ನು ಕೇಳಲಿಲ್ಲ. ಎರಡು ತಿಂಗಳ ರೂಢಿ. ಸೋಪಿನ ಹೆಬ್ಬೆರಳನ್ನು ಸೀರೆಗೆ ಒರೆಸಿ, ಪ್ರಶ್ನೆ ಓದದೆ, ನೇರ ಎಡಗಡೆಯ 'ಗೊತ್ತು' ಗುಂಡಿ ಒತ್ತಿತು. ಇನ್ನೊಂದು. ಮೂರನೆಯದಕ್ಕೆ ಎತ್ತಿದ ಬೆರಳು ಅಲ್ಲೇ ನಿಂತಿತು.

ಮಗಳು ನನ್ನ ಬೆರಳನ್ನೇ ನೋಡುತ್ತಿದ್ದಳು. ಮೆಲ್ಲಗೆ ಫೋನು ತೆಗೆದುಕೊಂಡು ಹಳೆಯ ಪ್ರಶ್ನೆಗಳನ್ನು ಒಂದೊಂದಾಗಿ ಸರಿಸಿದಳು. ಅಡ್ರಿನಲಿನ್ ಪ್ರಶ್ನೆ ಸಿಕ್ಕಿತು. ಮೂರು ಸಲ ಬಂದಿತ್ತು, ಮೂರೂ ಸಲ ಏಳು ದಾಟಿ ಒಂದು ನಿಮಿಷಕ್ಕೆ 'ಗೊತ್ತು'. ಮತ್ತೆ ಬರುವುದು ಎರಡು ತಿಂಗಳಿಗೆ.

ತೊಟ್ಟಿಯಲ್ಲಿ ಕೋಟು ನೆನೆಯುತ್ತಿತ್ತು. ಅವಳು ಬೂಟು ಕಾಲಲ್ಲೇ ಒದ್ದೆ ನೆಲಕ್ಕೆ ಇಳಿದು ನನ್ನೆದುರು ಕುಕ್ಕರಗಾಲಲ್ಲಿ ಕೂತಳು.

"ಅಮ್ಮ, ಇಷ್ಟು ದಿನ ಇದನ್ನ ಒತ್ತಿದ್ದು ನೀನಾ?"