ಗವ್ರಿಲನ ಮನೆ ಮೇಲಿನ ಕುಳ್ಳ ಪೈನ್

ನಮ್ಮ ಮರಮುರೇಷ್ ಬೆಟ್ಟಗಳಲ್ಲಿ ಕುರಿ ಹೆಚ್ಚು, ಹುಲ್ಲು ಕಡಿಮೆ. ಕುರಿಗಾರ ಗವ್ರಿಲನಿಗೂ ಅದೇ ಚಿಂತೆ. ಅವನ ಮನೆ, ದೊಡ್ಡಿ ಎರಡೂ ಇರುವುದು ಇಳಿಜಾರಿನ ಬುಡದಲ್ಲಿ. ಮೇಲೆಲ್ಲ ಕುಳ್ಳ ಪೈನ್. ಆಳೆತ್ತರ ದಾಟದೆ, ನೆಲಕ್ಕೆ ಒರಗಿ ಹಬ್ಬುವ ಮರ ಅದು. ಕುರಿ ಒಳಗೆ ನುಗ್ಗಿದರೆ ಉಣ್ಣೆಯೆಲ್ಲ ಕೊಂಬೆಗೆ ಸಿಕ್ಕಿ ಅಲ್ಲೇ.

ಚಳಿಗಾಲಕ್ಕೆ ಮುಂಚೆ ಒಂದು ದಿನ ಅವನು ಸೀಮೆಎಣ್ಣೆ ಡಬ್ಬಿ ಹಿಡಿದು ಹೊರಟ. ಹೆಂಡತಿ ತೊದೋಸಿಯಾ ಬೇಡವೆಂದರೂ ಕೇಳಲಿಲ್ಲ. ಅಷ್ಟರಲ್ಲಿ ಅವನ ತಂಗಿ, ಅರಣ್ಯ ಕಾವಲಿನ ಕೆಲಸದ ವರ್ವಾರಾ ಬಂದಳು.

“ಎಲ್ಲಿಗಣ್ಣ ಸವಾರಿ?”

“ಮೇಲಿನ ಪೈನ್ ಸುಡೋಕೆ. ತೊಲೆಗೂ ಆಗಲ್ಲ, ಕುರಿ ಬಾಯಿಗೂ ಆಗಲ್ಲ. ಯಾವ ಭಾಗ್ಯಕ್ಕೆ ಅದು?”

“ಬೆಳಿಗ್ಗೆ ಕೆಮ್ಮಿಗೆ ಅಂತ ಚಮಚ ನೆಕ್ಕಿದ್ಯಲ್ಲ, ಅದೇನು?”

ತೊದೋಸಿಯಾ ನಕ್ಕಳು. “ಅದರದ್ದೇ ಹಸಿರು ಕಾಯಿ. ಸಕ್ಕರೆ ಹಾಕಿ ಬಿಸಿಲಿಗಿಟ್ಟ ಪಾಕ. ಬಾಟ್ಲಿ ಖಾಲಿ ಮಾಡಿದ್ದೂ ಇವರೇ!”

“ಕೆಮ್ಮಿಗೆ ನಾಲ್ಕು ಗಿಡ ಸಾಕು,” ಗವ್ರಿಲ ಗೊಣಗಿದ.

ವರ್ವಾರಾ ಎದುರಿನ ಬೋಳು ಇಳಿಜಾರಿನತ್ತ ಕೈ ತೋರಿಸಿದಳು. “ತಾತನ ದೊಡ್ಡಿ ಅಲ್ಲೇ ಇದ್ದಿದ್ದು. ಹುಲ್ಲಿಗೆ ಅಂತ ತಾತಾನೂ ಹೀಗೇ ಸುಟ್ಟ. ಹುಲ್ಲು ಬಂತು, ನಿಜ. ಆಮೇಲೆ ಮಳೆಗೆ ಮಣ್ಣು ಹೋಯ್ತು. ಹಿಮ ಜಾರಿ ದೊಡ್ಡೀನೂ ಹೋಯ್ತು.”

“ಅದು ದೇವರಿಚ್ಛೆ ಕಣೇ.”

“ಕಡ್ಡಿ ಗೀರಿದ್ದು ತಾತ. ದೇವರ ತಲೆಗ್ಯಾಕೆ ಕಟ್ತೀಯ? ಈ ಪೈನ್ ಹಿಮಾನ ಕೊಂಬೆಗಳಲ್ಲಿ ತಡೆದು ನಿಲ್ಸುತ್ತೆ. ಭಾರ ಬಿದ್ರೆ ಬಾಗುತ್ತೆ, ಮುರಿಯಲ್ಲ. ಈ ಚಳಿಗಾಲ ಕಳೀಲಿ. ಆಮೇಲೂ ಅದು ದಂಡ ಅನ್ಸಿದ್ರೆ ನನ್ನ ಬೈ.”

ಗವ್ರಿಲ ಡಬ್ಬಿಯನ್ನು ಮೂಲೆಗಿಟ್ಟ. ಒಪ್ಪಿ ಅಲ್ಲ, ತಂಗಿಯ ಬಾಯಿಗೆ ಹೆದರಿ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಬಿಸಿಲೇರುತ್ತಿದ್ದಂತೆ ಎದುರಿನ ಬೋಳು ಇಳಿಜಾರಿನ ಹಿಮ ಗುಡುಗುತ್ತ ಜಾರಿ ತೊರೆಯವರೆಗೂ ಬಂತು. ಗವ್ರಿಲ ಅಂಗಳಕ್ಕೆ ಓಡಿ ಬಂದ. ತೊದೋಸಿಯಾ ದೊಡ್ಡಿಯೊಳಗೆ ಮರಿಗಳಿಗೆ ಹಾಲು ಕುಡಿಸುತ್ತಿದ್ದಳು. ಅವನು ಕತ್ತೆತ್ತಿ ಮೇಲೆ ನೋಡಿದ. ಅಲ್ಲೂ ಹಿಮ ಅಷ್ಟೇ ಇತ್ತು, ಆದರೆ ಕದಲಿರಲಿಲ್ಲ. ಪೈನುಗಳು ಬೆನ್ನು ಬಗ್ಗಿಸಿ ಅದನ್ನು ಹೊತ್ತಿದ್ದವು. ಅವನು ಟೋಪಿ ತೆಗೆದು ಸುಮ್ಮನೆ ಅತ್ತುಬಿಟ್ಟ.

ಮೇ ತಿಂಗಳಲ್ಲಿ ಹಾಲಿನ ಅಳತೆ. ಊರ ಕುರಿಗಳೆಲ್ಲ ಒಂದೇ ಮಂದೆಯಾಗಿ ಬೆಟ್ಟ ಹತ್ತುವ ಮುಂಚೆ, ಯಾರ ಕುರಿ ಎಷ್ಟು ಹಾಲು ಕೊಡುತ್ತವೆಂದು ಎಲ್ಲರೆದುರು ಅಳೆಯುತ್ತೇವೆ. ಬೇಸಿಗೆಯ ಚೀಸಿನ ಪಾಲು ಅದರ ಮೇಲೇ. ಅವತ್ತು ಹನಿ ಹಾಲಿಗೂ ಜಗಳ. ಈ ಸಲದ ಅಳತೆ ಗವ್ರಿಲನ ಮನೆ ಹಿಂದಿನ ಬಯಲಲ್ಲೇ ನಡೆಯಿತು. ಅಳೆಯುವ ಮೊದಲೇ ಅವನು ತನ್ನ ಬಕೆಟ್ಟಿನಿಂದ ಒಂದು ಸೌಟು ತುಂಬ ಹಾಲು ತೆಗೆದು, ಇಳಿಜಾರು ಹತ್ತಿ, ಪೈನಿನ ಬುಡಕ್ಕೆ ಸುರಿದ.

“ಲೋ, ನಿನ್ನ ಪಾಲು ಕಮ್ಮಿ ಆಗುತ್ತಲ್ಲೋ!” ಕೆಳಗಿನಿಂದ ಜನ ಕೂಗಿದರು.

“ಆಗ್ಲಿ ಬಿಡ್ರಪ್ಪ. ಚಳಿಗಾಲವೆಲ್ಲ ನನ್ನ ಕುರೀನ, ನನ್ನ ಹೆಂಡ್ತೀನ ಕಾದೋರು ಇವರು. ಇವರ ಪಾಲು ಇವರಿಗೆ.”

ಬಂಧುಗಳೇ, ನಿಮ್ಮ ಮನೆಯ ಮೇಲೂ ಒಂದು ಇಳಿಜಾರಿರಬಹುದು, ಅಲ್ಲೂ ಕೆಲಸಕ್ಕೆ ಬಾರದಂತೆ ಕಾಣುವ ಗಿಡಗಳು ನಿಂತಿರಬಹುದು. ಕೆಮ್ಮಿಗೆ ಕಾಯಿ ಬೇಕೇ? ಅರಣ್ಯ ಕಾವಲಿನವರನ್ನು ಕೇಳಿ, ಮನೆಮಟ್ಟಿಗೆ ಕೀಳಿ. ಬೆಂಕಿ ಮಾತ್ರ ಬೇಡ. ಕಡ್ಡಿ ಗೀರುವ ಮುಂಚೆ ಒಮ್ಮೆ ಕತ್ತೆತ್ತಿ ನೋಡಿ, ಅವು ನಿಮಗಾಗಿ ಏನನ್ನು ತಡೆದು ನಿಂತಿವೆ ಎಂದು.