ಹಾಲಿಗೆ ನಂಬಿದ ಮೂಗು

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನಮ್ಮ ಮದುವೆಗೆ ಮೊದಲೇ ಬೀಗರ ಮನೆಯವರಿಗೆ ಹೇಳಿಬಿಟ್ಟಿದ್ದಳು. ಅದೇ ಮೂಗಿನ ಕೆಳಗೆ ಅತ್ತೆ ದಿನಾ ಬೆಳಿಗ್ಗೆ ಹಾಲಿನ ಪಾತ್ರೆ ತಂದು ಹಿಡಿದು, "ನೋಡಮ್ಮಾ, ಹಳಸಿಲ್ಲ ತಾನೆ?" ಎಂದು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಲು, ಉಳಿದ ಅನ್ನ, ಗ್ಯಾಸ್ ಸಿಲಿಂಡರಿನ ಸುತ್ತಲಿನ ಗಾಳಿ, ಎಲ್ಲಕ್ಕೂ ನಾನೇ ಬರಬೇಕು. ಅತ್ತೆಯೋ, ಬೀದಿಯ ಅಂಗಡಿ ಆಫೀಸುಗಳಿಗೆಲ್ಲ ಮಧ್ಯಾಹ್ನದ ಊಟದ ಡಬ್ಬಿ ಕಳಿಸುವವರು. ಇವರ ಕೈರುಚಿ ನೆನೆದು ಬಾಯಿ ಚಪ್ಪರಿಸದವರಿಲ್ಲ. ಅಂಥವರಿಗೆ ಹಾಲು ಹಳಸಿದ್ದು ಗೊತ್ತಾಗುವುದಿಲ್ಲವಂತೆ! ಸೊಸೆಗೆ ಪರೀಕ್ಷೆ ಇಡುತ್ತಿದ್ದಾರೆ ಎಂದುಕೊಂಡು, ಹಲ್ಲು ಕಚ್ಚಿ, "ಚೆನ್ನಾಗೇ ಇದೆ ಅತ್ತೆ" ಎನ್ನುತ್ತಿದ್ದೆ.

ನಾನು ಬಸುರಿಯಾದ ಮೇಲೆ ಮೂಗು ಇನ್ನಷ್ಟು ಚುರುಕಾಯಿತು. ಆಗ ಶುರುವಾಯಿತು ನೋಡಿ, ನಮ್ಮ ಮಲಗುವ ಕೋಣೆಯಲ್ಲಿ ಮೀನಿನ ವಾಸನೆ. ಮನೆಗೆ ಮೀನು ತಂದು ಎಷ್ಟೋ ಕಾಲವಾಗಿತ್ತು. ಹಾಸಿಗೆ ಒಗೆದೆ, ಮಂಚದ ಕೆಳಗೆ ಗುಡಿಸಿ ಒರೆಸಿದೆ, ಗಂಡನ ಬೂಟುಗಳನ್ನು ಹೊರಗಿಟ್ಟೆ. ವಾಸನೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಕೊನೆಗೆ ಮೂಗು ಹಿಡಿದು ಎಳೆದುಕೊಂಡು ಹೋದಂತೆ ಗೋಡೆಯ ಮೂಲೆಗೆ ಹೋಗಿ ನಿಂತೆ. ಅಲ್ಲಿತ್ತು ಫ್ಯೂಸ್ ಬೋರ್ಡು. ಆ ಕೋಣೆ ಹಿಂದೆ ಜಗಲಿಯಾಗಿತ್ತು. ಮಾವ ಗೋಡೆ ಎಬ್ಬಿಸಿ ಕೋಣೆ ಮಾಡಿದಾಗ ಇಡೀ ಮನೆಯ ಫ್ಯೂಸುಗಳು ಒಳಗೇ ಉಳಿದುಬಿಟ್ಟವು. ಮರದ ಹಲಗೆ, ಅದರ ಮೇಲೆ ಸಾಲಾಗಿ ಹಳೆಯ ಕಪ್ಪು ಫ್ಯೂಸುಗಳು. ಅತ್ತೆ ಅಡುಗೆಮನೆಯಲ್ಲಿ ಕರೆಂಟ್ ಒಲೆ ಹಚ್ಚಿ, ಬಚ್ಚಲಲ್ಲಿ ಗೀಸರ್ ಹಾಕಿದರೆ ಸಾಕು, ಕೋಣೆಯ ದೀಪ ಮಂಕಾಗುತ್ತಿತ್ತು, ಹಲಗೆಯ ಹಿಂದಿನಿಂದ ಗುಂಯ್ ಎಂದು ಸಣ್ಣ ಸದ್ದು ಬರುತ್ತಿತ್ತು, ವಾಸನೆ ಏಳುತ್ತಿತ್ತು. ಅದರ ಕೆಳಗೇ, ಸರಿಯಾಗಿ ಕೆಳಗೇ, ಮಾವ ತಾವೇ ಮಾಡಿದ ಮಗುವಿನ ಪುಟ್ಟ ಮಂಚ ತಂದಿಟ್ಟಿದ್ದರು.

ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಏನೇ ರಿಪೇರಿ ಮಾಡಿದರೂ "ಗ್ಯಾರಂಟಿ!" ಎಂದು ಕೈ ಒರೆಸಿಕೊಳ್ಳುತ್ತಿದ್ದರು, ಹಾಗಾಗಿ ಬೀದಿಗೆಲ್ಲ ಅವರು ಗ್ಯಾರಂಟಿ ಮಾವ. ವಾಸನೆಯ ವಿಷಯ ಹೇಳಿದರೆ ನಕ್ಕರು.

"ಬಸುರಿ ಬಯಕೆ ಕಣಮ್ಮಾ! ಮೀನು ಬೇಕು ಅಂತ ಹೇಳಕ್ಕೆ ಬಾಯಿಗೆ ನಾಚಿಕೆ, ಅದಕ್ಕೆ ಮೂಗು ಹೇಳ್ತಿದೆ."

ಗಂಡನನ್ನು ಕರೆದು ಗೋಡೆ ಮೂಸಿಸಿದೆ. ಪೇಂಟ್ ಅಂಗಡಿಯಲ್ಲಿ ದಿನವಿಡೀ ಕೂತ ಮೂಗು ಅದು. ಮೂಸಿದರು, ಮತ್ತೆ ಮೂಸಿದರು. "ಏನೋ ಸ್ವಲ್ಪ ಇರಬಹುದು. ಇಲ್ಲದೇನೂ ಇರಬಹುದು," ಎಂದರು. ಇಂಥ ಗಂಡನನ್ನು ಕಟ್ಟಿಕೊಂಡು ನಾನು ಏನು ಮಾಡಲಿ, ಹೇಳಿ.

ಒಂದು ಭಾನುವಾರ ತಡೆಯಲಾಗಲಿಲ್ಲ. ಎಲ್ಲರೂ ತಿಂಡಿಗೆ ಕೂತಿದ್ದಾಗ ಹೇಳಿಯೇಬಿಟ್ಟೆ. "ಮಾವ, ಬೋರ್ಡಿಗೆ ಏನೋ ಆಗಿದೆ. ಎಲೆಕ್ಟ್ರಿಷಿಯನ್ ಬಂದು ನೋಡ್ಲಿ. ಅಲ್ಲೀವರೆಗೂ ಮಗೂನ ನಾನು ಅದರ ಕೆಳಗೆ ಮಲಗಿಸಲ್ಲ."

ಮಾವನ ಮುಖ ಸಪ್ಪಗಾಯಿತು. "ನನ್ನ ಕೈಯಾರೆ ಹಾಕಿದ ಬೋರ್ಡು ಅದು. ಪಕ್ಕದ ಮನೇಲಿ ಆಗಾಗ ಫ್ಯೂಸ್ ಹೋಗತ್ತೆ. ನಮ್ಮನೇಲಿ ಇವತ್ತಿನವರೆಗೂ ಒಂದು ಸಲ ಹೋಗಿದೆಯಾ, ಕೇಳು." ಆಮೇಲೆ ಅತ್ತೆಯ ಕಡೆ ತಿರುಗಿದರು. "ಈ ಮನೇಲಿ ಮೂಗು ಅಂದ್ರೆ ನಿಂದೇ. ಊರಿಗೆಲ್ಲ ಅಡುಗೆ ಮಾಡಿ ಹಾಕೋಳು ನೀನು. ನೀನೇ ಹೇಳೇ. ವಾಸನೆ ಬರ್ತಿದೆಯಾ, ಇಲ್ವಾ?"

ಅತ್ತೆ ತಟ್ಟೆ ಕೆಳಗಿಟ್ಟು ನಮ್ಮ ಕೋಣೆಗೆ ಹೋದರು. ನಾವೂ ಹಿಂದೆ ಹೋದೆವು. ಬೋರ್ಡಿನ ಮುಂದೆ ಸುಮಾರು ಹೊತ್ತು ನಿಂತರು.

"ನನಗೇನೂ ವಾಸನೆ ಬರ್ತಿಲ್ಲ," ಎಂದರು.

ಮುಗಿಯಿತು, ಇನ್ನು ನನ್ನ ಮಾತು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದುಕೊಂಡೆ. ಮಾವ "ನೋಡಿದೆಯಾ?" ಎನ್ನಲು ಬಾಯಿ ತೆರೆದಿದ್ದರು.

"ಬರೋದೂ ಇಲ್ಲ," ಎಂದರು ಅತ್ತೆ. "ಆ ಕೆಟ್ಟ ಜ್ವರ ಬಂದಿತ್ತಲ್ಲ, ನಿಮ್ಮ ಮಗ ಇನ್ನೂ ಶಾಲೆಗೆ ಹೋಗ್ತಿದ್ದಾಗ? ಅವತ್ತಿಂದ ನನಗೆ ಯಾವ ವಾಸನೇನೂ ಗೊತ್ತಾಗಲ್ಲ. ಕೈಯ ಅಂದಾಜಲ್ಲಿ ಅಡುಗೆ ಮಾಡ್ತೀನಿ. ಮೂಗಿಲ್ಲದವಳ ಕೈಯಡುಗೆ ಅಂತ ಗೊತ್ತಾದ್ರೆ ನನ್ನ ಡಬ್ಬಿ ಯಾರು ತಗೋತಾರೆ, ಅದಕ್ಕೇ ಯಾರಿಗೂ ಹೇಳಲಿಲ್ಲ. ಇವಳು ಬಂದ ಮೇಲೆ ಇವಳ ಮೂಗಲ್ಲೇ ನನ್ನ ಬದುಕು ನಡೀತಿರೋದು. ಹಾಲಿಗೆ ನಂಬಿದ ಮೂಗನ್ನ ಗೋಡೆಗೆ ನಂಬಬಾರದಾ?"

ಅತ್ತೆ ಬೋರ್ಡಿನ ಪಕ್ಕದ ಗೋಡೆಗೆ ಹಿಂಗೈ ತಾಗಿಸಿ ನೋಡಿದರು. "ಬೆಚ್ಚಗಿದೆ ಕಣ್ರೀ. ಗೋಡೆಗೇನು ಜ್ವರ ಬರತ್ತಾ?" ಎಂದವರೇ ಮೇನ್ ಸ್ವಿಚ್ ಆರಿಸಿದರು. ಬೋರ್ಡು ಸರಿಯಾಗುವ ತನಕ ಮನೆಯಲ್ಲಿ ಕರೆಂಟೂ ಇಲ್ಲ, ಡಬ್ಬಿಯೂ ಇಲ್ಲ ಎಂದು ಸಾರಿಬಿಟ್ಟರು. ಪರೀಕ್ಷೆ ಎಂದು ನಾನು ಬೈದುಕೊಂಡಿದ್ದ ಬೆಳಗುಗಳೆಲ್ಲ ಕಣ್ಣ ಮುಂದೆ ಬಂದವು. ಅಲ್ಲೇ ನಿಂತು ಗಳಗಳ ಅತ್ತುಬಿಟ್ಟೆ.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದರು, ಮಾವನಿಗೆ ಡಿಪೋದಿಂದಲೇ ಪರಿಚಯದವರು. ಫ್ಯೂಸು ಎಳೆದರೆ ಅದರ ಅಂಚು ರಸ್ಕಿನ ಹಾಗೆ ಪುಡಿಪುಡಿಯಾಗಿ ಉದುರಿತು. ಒಳಗೆ ಕೂದಲೆಳೆಯಂಥ ಫ್ಯೂಸ್ ತಂತಿ ಇರಬೇಕಾದ ಕಡೆ ದಪ್ಪ ತಾಮ್ರದ ತಂತಿ. ಪದೇ ಪದೇ ಹೋಗದಿರಲಿ ಎಂದು ಮಾವನೇ ಗಟ್ಟಿಯಾಗಿ ಸುತ್ತಿದ್ದು. ಹಲಗೆ ಬಿಚ್ಚಿದರೆ ಹಿಂದೆ ಅಂಗೈಯಗಲ ಸುಟ್ಟು ಇದ್ದಿಲಾಗಿತ್ತು.

"ಯಜಮಾನ್ರೇ, ಕೆಲಸ ಗಟ್ಟಿಯಾಗೇ ಮಾಡಿದೀರಿ, ಅದೇ ತೊಂದರೆ," ಎಂದರು ಅವರು. "ಲೋಡ್ ಜಾಸ್ತಿ ಆದ್ರೆ ಫ್ಯೂಸ್ ಕರಗಿ ಹೋಗಬೇಕು. ಅದು ಹೋಗಲಿಲ್ಲ ಅಂದ್ರೆ ಮನೆ ಹೋಗತ್ತೆ. ದೀಪ ಮಂಕಾಗೋದು, ಸದ್ದು, ಬಿಸಿ, ಈ ಮೀನಿನ ವಾಸನೆ, ಇದೆಲ್ಲ ಬೋರ್ಡು ಸಾಯ್ತಾ ಇದೀನಿ ಅಂತ ಹೇಳೋ ಮಾತು. ವಾಸನೆ ಬರೋದು ಈ ಪ್ಲಾಸ್ಟಿಕ್ಕು ಬೇಯೋದ್ರಿಂದ. ರಿಪೇರಿ ಬೇಡ, ಪೂರ್ತಿ ಹೊಸದೇ ಹಾಕೋಣ. ಪುಣ್ಯಕ್ಕೆ ಈಗಲೇ ಕರೆದ್ರಿ."

ಮಾವ ಸುಟ್ಟ ಹಲಗೆಯನ್ನು ನೋಡಿದರು, ಕೆಳಗಿದ್ದ ಪುಟ್ಟ ಮಂಚವನ್ನು ನೋಡಿದರು. ಮಂಚವನ್ನು ತಾವೇ ಎತ್ತಿ ಆಚೆ ಕಿಟಕಿಯ ಬಳಿ ಇಟ್ಟು ಬಂದರು. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟು, "ನನ್ನ ಗ್ಯಾರಂಟಿಗಿಂತ ನಿನ್ನ ಮೂಗು ವಾಸಿ ಕಣಮ್ಮಾ. ದೊಡ್ಡ ಉಪಕಾರ ಮಾಡಿದೆ," ಎಂದರು.

ಸಂಜೆ ಮಾವ ಅತ್ತೆಯನ್ನು ಕೇಳಿದರು, "ಇಷ್ಟು ವರ್ಷ ನನಗೂ ಹೇಳಲಿಲ್ಲವಲ್ಲೇ?"

"ಹೇಳಿದ್ರೆ ಸ್ಕ್ರೂಡ್ರೈವರ್ ತಂದು ಮೂಗು ಬಿಚ್ಚೋಕೆ ಕೂರ್ತಿದ್ರಿ," ಎಂದರು ಅತ್ತೆ.

ಹೊಸ ಬೋರ್ಡು ಬಂತು. ಏನಾದರೂ ಹೆಚ್ಚುಕಮ್ಮಿಯಾದರೆ ಟಪ್ ಎಂದು ತಾನೇ ಆರುತ್ತದೆ. ಮೊದಲ ಸಲ ಆರಿದಾಗ ಮಾವ ಮಕ್ಕಳಂತೆ ಕುಣಿದರು, "ಹೋಯ್ತು! ಹೋಯ್ತು!" ಎಂದು. ಅತ್ತೆಯ ಗುಟ್ಟು ನಮ್ಮ ಹೊಸ್ತಿಲು ದಾಟಲಿಲ್ಲ.

ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಬಂದ ದಿನ ಅತ್ತೆ ಅವಳನ್ನು ಎತ್ತಿಕೊಂಡು ನೆತ್ತಿಗೆ ಮೂಗು ಒತ್ತಿದರು. ಹಾಗೇ ತುಂಬ ಹೊತ್ತು ಕೂತಿದ್ದರು. ಏನೂ ಸಿಗುವುದಿಲ್ಲ ಎಂದು ಗೊತ್ತಿದ್ದೂ ಹುಡುಕುತ್ತಿದ್ದಾರೆ ಎಂದು ನನಗೆ ತಿಳಿಯಿತು. ಕೇಳುವ ಮೊದಲೇ ಪಕ್ಕದಲ್ಲಿ ಕೂತು ನಾನೂ ಮಗುವಿನ ನೆತ್ತಿ ಮೂಸಿದೆ.

"ಬಿಸಿಲಲ್ಲಿ ಒಣಗಿದ ಹತ್ತಿ ಬಟ್ಟೆ ಥರ ಇದೆ ಅತ್ತೆ. ಬೆಚ್ಚಗೆ. ಕುತ್ತಿಗೆ ಹತ್ರ ಸ್ವಲ್ಪ ಹಾಲು."

ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದರು. ಕಣ್ಣಂಚಿನಲ್ಲಿ ನೀರಿತ್ತು, ತುಟಿಯಲ್ಲಿ ನಗು.

"ನೋಡಮ್ಮಾ," ಎಂದರು, "ಹಳಸಿಲ್ಲ ತಾನೆ?"

"ಚೆನ್ನಾಗೇ ಇದೆ ಅತ್ತೆ," ಎಂದೆ.