ಅರಿಶಿನದ ನೀರಿಗೆ ಬಿದ್ದ ಕೀ

ಎಂಜಿನ್ ಹೊತ್ತಿಕೊಂಡಿತು, ಒಮ್ಮೆ ಉಸಿರೆಳೆಯಿತು, ಸತ್ತಿತು. ಮತ್ತೆ ತಿರುಗಿಸಿದ. ಮತ್ತೆ ಅದೇ. ಮೀಟರ್ ಪಕ್ಕದಲ್ಲಿ ಕೀ ಆಕಾರದ ಕೆಂಪು ದೀಪ ಮಿಟುಕುತ್ತಿತ್ತು.

"ಬೋಳಿಮಗಂದು!" ಎಂದ ಶಿವರಾಮ್, ಗಟ್ಟಿಯಾಗಿ.

ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವ ಬಾಯಿ ಅದು. ಬನಶಂಕರಿಯ ಆ ಬೀದಿಯಲ್ಲಿ ಯಾರೂ ಹೊರಗೆ ನಿಂತು ಬೈಯುವುದಿಲ್ಲ. ಬೈಯಬೇಕಾದಾಗ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಪಕ್ಕದ ಸೀಟಿನಲ್ಲಿ ಹೆಂಡತಿ ಸರಸ್ವತಿ. ಅವಳ ಮಡಿಲ ಡಬ್ಬಿಗಳಲ್ಲಿ ಹಾಲು, ತುಪ್ಪ, ಮಾವನಿಗೆ ಇಷ್ಟವೆಂದು ಮುದ್ದೆ, ಅವರೆಕಾಳಿನ ಸಾರು. ಶಿವರಾಮನ ಅಪ್ಪ ಸತ್ತು ಅದು ಮೂರನೆಯ ದಿನ. ಗೊಟ್ಟಿಗೆರೆಯಲ್ಲಿ ಸಮಾಧಿಗೆ ಹಾಲುತುಪ್ಪ ಬಿಡಬೇಕು. ಮೊದಲು ಎರೆಯಬೇಕಾದವನು ಹಿರಿಮಗ. ಆಮೇಲೆ ಎಡೆ ಇಟ್ಟು, ಎಲ್ಲರೂ ದೂರ ನಿಂತು ಕಾಗೆಗೆ ಕಾಯಬೇಕು.

ಕೀಯನ್ನು ಮೂಗಿನ ಹತ್ತಿರ ಹಿಡಿದ. ಅರಿಶಿನದ ವಾಸನೆ.

"ಇದನ್ನ ಏನ್ ಮಾಡಿದೆ?"

"ಮಣ್ಣಿಗೆ ಹೋಗಿ ಬಂದ್ರಲ್ಲ, ಪ್ಯಾಂಟು ಬೆಲ್ಟು ಎಲ್ಲಾ ಅರಿಶಿನದ ನೀರಲ್ಲಿ ನೆನೆಹಾಕ್ದೆ. ಅದೂ ಹಾಕ್ದೆ."

"ಕೀನ ಯಾರಾದ್ರೂ ನೆನೆಹಾಕ್ತಾರಾ?"

"ಪ್ಯಾಂಟಿಗೆ ಮೈಲಿಗೆ ಇರುತ್ತೆ, ಅದರ ಜೇಬಲ್ಲಿದ್ದ ಕೀಗೆ ಇರಲ್ವಾ?"

ಅವಳ ತರ್ಕದಲ್ಲಿ ತಪ್ಪು ಸಿಗಲಿಲ್ಲ. ಅದಕ್ಕೇ ಸಿಟ್ಟು ನೆತ್ತಿಗೇರಿತು.

ಎದುರುಮನೆಯ ಗಂಗಾಧರಯ್ಯ ಗೇಟಿಗೆ ಬಂದು ನಿಂತರು. "ಬ್ಯಾಟರಿ ಇರ್ಬೇಕು ಸಾರ್. ತಳ್ಳೋಣ್ವಾ?"

"ತಳ್ಳಿದ್ರೆ ಹೋಗಲ್ಲ ಇದು. ಕೀ ಒಳಗೆ ಚಿಪ್ ಇರುತ್ತೆ. ಅದರ ಗುರುತು ಸಿಗದಿದ್ರೆ ಎಂಜಿನ್ ಓಡಲ್ಲ."

"ಓನರ್ ನೀವೇ ಅಲ್ವಾ?"

"ನಾನೇ."

"ಮತ್ತೆ?"

ಶಿವರಾಮ್ ಗಾಜು ಏರಿಸಿದ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ. ಹುಡುಗಿಯೊಬ್ಬಳು ಹಾಡಿದಂತೆ ಕೇಳಿದಳು, "ಸ್ಪೇರ್ ಕೀ ಇದ್ಯಾ ಸಾರ್?"

"ಇಲ್ಲ."

ಸರಸ್ವತಿ ತಿರುಗಿ ಅವನ ಮುಖ ನೋಡಿದಳು.

ಸ್ಪೇರ್ ಕೀ ಇತ್ತು. ಗೊಟ್ಟಿಗೆರೆಯ ಮನೆಯಲ್ಲಿ, ದೇವರ ಗೂಡಿನಲ್ಲಿ ಇತ್ತು. ಕಾರು ತಂದ ದಿನ ಅಪ್ಪ ಕೇಳಿ ಇಸಿದುಕೊಂಡಿದ್ದ. ಅವನಿಗೆ ಸೈಕಲ್ ಕೂಡ ಬರುತ್ತಿರಲಿಲ್ಲ. ಮನೆಗೆ ಬಂದವರಿಗೆಲ್ಲ ಆ ಕೀ ತೆಗೆದು ತೋರಿಸುತ್ತಿದ್ದನಂತೆ, ಕುಂಕುಮ ಒರೆಸಿ.

"ಕೆಂಪರಾಜುಗೆ ಒಂದು ಫೋನ್ ಮಾಡಿ. ಬೈಕಲ್ಲಿ ತಂದ್ಕೊಡ್ತಾನೆ."

"ತಮ್ಮನಿಗೆ ಅಲ್ಲಿ ನೂರು ಕೆಲ್ಸ ಇರುತ್ತೆ."

"ಹಂಗಾದ್ರೆ ಆಟೋದಲ್ಲಿ ಹೋಗೋಣ ಬನ್ನಿ."

"ಕಾರ್ ಎತ್ಕೊಂಡ್ ಹೋಗೋಕೆ ಗಾಡಿ ಬರುತ್ತೆ. ಯಾರಾದ್ರೂ ಇರ್ಬೇಕಲ್ಲ?"

"ಗಂಗಾಧರಯ್ಯ ಇದಾರಲ್ಲ."

"ಹಾಳು ಮಾಡಿದ್ದು ನೀನು! ನೀನೇ ಹೋಗು!" ಡ್ಯಾಶ್‌ಬೋರ್ಡಿಗೆ ಗುದ್ದಿದ. ಎಲ್ಲೋ ಒಂದು ಕಿಟಕಿ ತೆರೆಯಿತು.

ಅವಳು ಡಬ್ಬಿಗಳನ್ನು ಎತ್ತಿಕೊಂಡು ಇಳಿದಳು. "ಅಲ್ಲಿ ಏನಂತ ಹೇಳ್ಲಿ?"

"ಕಾರ್ ಸ್ಟಾರ್ಟ್ ಆಗ್ತಿಲ್ಲ ಅನ್ನು."

"ಕಾರು," ಎಂದಳು. ಆಟೋಗೆ ಕೈ ಅಡ್ಡ ಹಿಡಿದಳು.

ಆಟೋ ತಿರುವಿನಲ್ಲಿ ಮರೆಯಾದ ಮೇಲೂ ಅವನು ಸ್ಟೀರಿಂಗ್ ಹಿಡಿದೇ ಕೂತಿದ್ದ. ಎಂಜಿನ್ ಮೊದಲ ಸಲ ಸತ್ತಾಗ ಆದದ್ದು ಸಿಟ್ಟಲ್ಲ. ಎದೆಯೊಳಗೆ ಏನೋ ಹಗುರಾಗಿತ್ತು. ಅದನ್ನು ಮುಚ್ಚಲೆಂದೇ ಅಷ್ಟು ಗಟ್ಟಿಯಾಗಿ ಬೈದಿದ್ದ.

ಮಣ್ಣು ಮಾಡುವಾಗ ಎಲ್ಲರೂ ಅವನ ಕಣ್ಣನ್ನೇ ನೋಡುತ್ತಿದ್ದರು. ಒಣಗಿದ ಕಣ್ಣು. ಅವ್ವ ಮುನಿಲಕ್ಷ್ಮಮ್ಮ ಹತ್ತಿರ ಬಂದು, ಇಲ್ಲದ ನೀರನ್ನು ಸೆರಗಿನಿಂದ ಒರೆಸಿದಳು, ಜನರಿಗೆ ಕಾಣುವಂತೆ. ಆ ಸೆರಗು ಅವನಿಗೆ ಕಪಾಳಕ್ಕೆ ಹೊಡೆದಂತಾಗಿತ್ತು. ಇವತ್ತು ಕಾಗೆ. ಅವನು ಇಟ್ಟ ಎಡೆಯನ್ನು ಕಾಗೆ ಮುಟ್ಟದಿದ್ದರೆ, ಹಿರಿಮಗನ ಮೇಲೆ ಮುದುಕನಿಗೆ ಕೊರಗಿತ್ತು ಅನ್ನುತ್ತಾರೆ. ಕಾಗೆಗೂ ಕೊರಗಿಗೂ ಸಂಬಂಧವಿಲ್ಲ ಎಂದು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲವನು, ಎರಡು ದಿನದಿಂದ ಆ ಕಾಗೆಯನ್ನು ಬಿಟ್ಟು ಬೇರೇನನ್ನೂ ಯೋಚಿಸಿರಲಿಲ್ಲ.

ಬಿಸಿಲು ಏರಿತು. ಫೋನ್ ಹೊಡೆದುಕೊಂಡಿತು. ಕೆಂಪರಾಜು.

ಶಿವರಾಮ್ ಹಲ್ಲು ಕಚ್ಚಿ ಸಿದ್ಧನಾದ. ತಮ್ಮ ಬೈಯಲಿ. ತನ್ನ ಹತ್ತಿರವೂ ಮಾತಿದೆ.

"ಅಣ್ಣ, ಕಾಯೋಕಾಗ್ಲಿಲ್ಲ. ಯಮಗಂಡಕಾಲ ಬರೋದ್ರಲ್ಲಿತ್ತು. ನಾನೇ ಹಾಲು ಬಿಟ್ಟೆ."

"ಹೂಂ. ಕಾಗೆ?"

"ಬಂತು ಕಣಣ್ಣ! ಎಡೆ ಇಟ್ಟು ಕೈ ತೆಗಿಯೋಕೂ ಬಿಡ್ಲಿಲ್ಲ. ಎಲ್ಲಾ ನಗಾಡ್ಬಿಟ್ರು, ಮುದುಕಂಗೆ ಸತ್ ಮೇಲೂ ಎಷ್ಟು ಆತ್ರ ಅಂತ. ಅಪ್ಪಂಗೆ ಯಾವ ಕೊರಗೂ ಇರ್ಲಿಲ್ಲ ಬಿಡು."

"ಒಳ್ಳೇದಾಯ್ತು."

"ನೀನೇನೂ ಬೇಜಾರ್ ಮಾಡ್ಕೋಬೇಡ. ನಿಧಾನಕ್ಕೆ ಬಾ."

ತಮ್ಮನ ದನಿಯಲ್ಲಿ ಕೊಂಕು ಹುಡುಕಿದ. ಇರಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು.

ಗಾಡಿ ಬಂತು. ಕಾರನ್ನು ಮುಂಭಾಗದಿಂದ ಎಳೆದು ಮೇಲೆ ಹತ್ತಿಸಿ, ನಾಲ್ಕೂ ಗಾಲಿಗೆ ಪಟ್ಟಿ ಬಿಗಿದರು. ಶಿವರಾಮ್ ಇಳಿಯಲಿಲ್ಲ.

"ಒಳಗೆ ಕೂರಂಗಿಲ್ಲ ಸಾರ್," ಎಂದ ಡ್ರೈವರ್. "ನನ್ ಪಕ್ಕ ಬನ್ನಿ."

"ನನ್ ಕಾರು. ನಾನು ಇಲ್ಲೇ ಕೂರ್ತೀನಿ. ಏನೀಗ?"

"ಪೊಲೀಸ್ ಹಿಡಿದ್ರೆ ನೀವೇ ಮಾತಾಡಿ ಗುರುಗಳೇ."

"ಯಾವ ಕಡೆ ಹೋಗೋದು?"

"ಭಾನುವಾರ ಒಂದೇ ಸರ್ವಿಸ್ ಸೆಂಟರ್ ತೆಗ್ದಿರೋದು. ಗೊಟ್ಟಿಗೆರೆ ದಾಟಿ."

ಬೇಡ ಎನ್ನುವಷ್ಟರಲ್ಲಿ ಗಾಡಿ ಹೊರಟಿತ್ತು.

ಜೆ.ಪಿ. ನಗರ ದಾಟಿತು, ಅರೆಕೆರೆ ದಾಟಿತು. ಅವನು ಅಷ್ಟು ಎತ್ತರದಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದ. ಬೈಕಿನವರು ಕತ್ತೆತ್ತಿ ನೋಡಿ ನಕ್ಕರು. ಗೊಟ್ಟಿಗೆರೆಯ ತಿರುವು ಬಂತು. ದೂರದಲ್ಲಿ, ರಸ್ತೆ ದಾಟಲು ನಿಂತ ಒಂದು ಗುಂಪು: ಬಿಳಿ ಪಂಚೆಯ ಕೆಂಪರಾಜು, ಅವನ ಭುಜ ಹಿಡಿದ ಅವ್ವ, ಹಿಂದೆ ಸರಸ್ವತಿ.

ಶಿವರಾಮ್ ಸೀಟಿನ ಪಕ್ಕದ ಹಿಡಿ ತಡಕಿ ಎಳೆದ. ಸೀಟು ಧೊಪ್ಪೆಂದು ಹಿಂದಕ್ಕೆ ಬಿತ್ತು. ಅಂಗಾತ ಬಿದ್ದುಕೊಂಡು ಕೈಗಳನ್ನು ಎದೆಯ ಮೇಲೆ ಎಳೆದುಕೊಂಡ. ಗಾಡಿ ಅವರಿಗೆ ದಾರಿ ಬಿಟ್ಟು ನಿಂತಿತು. ಅವರು ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಮುಂದಿನ ಗಾಜಿನ ತುಂಬ ಮೆಟ್ರೋದ ಕಾಂಕ್ರೀಟ್ ತೊಲೆ, ಆಕಾಶವಿಲ್ಲ. ಗಾಡಿ ಮತ್ತೆ ಅಲುಗಿತು. ಬಿಗಿದ ಪಟ್ಟಿಗಳಲ್ಲಿ ಕಾರು ಮೆಲ್ಲಗೆ ತೂಗುತ್ತಿರಲು, ಕಾಲು ಮುಂದಾಗಿ, ಅವನು ಊರನ್ನು ದಾಟಿದ.